ಮಡಚಿಟ್ಟ ಪಾದ

ವೈದ್ಯೆ ನಾಯಿಯ ಹಿಂಗಾಲಿನ ಪಾದವನ್ನು ಮತ್ತೆ ಬೋರಲು ಮಡಚಿಟ್ಟು, ರಕ್ತದ ವರದಿಯತ್ತ ತಿರುಗಿದಳು. ಪರೋಪಜೀವಿಯ ಸೋಂಕಂತೂ ಇತ್ತು. ಅದು ನರಕ್ಕೆ ಹೊಕ್ಕಿದ್ದರೆ ಮಡಚಿದ ಪಾದ ಹಾಗೆಯೇ ಉಳಿಯಬೇಕು. ತಿರುಗಿ ನೋಡಿದರೆ, ಈ ಸಲವೂ ನೆಟ್ಟಗಿತ್ತು.

“ತಲೆಬುಡ ತಿಳೀತಿಲ್ಲ ಅಜ್ಜಿ. ನಡೆಯುವಾಗ ತೂರಾಡ್ತಾನೆ, ಪಾದ ನೋಡಿದ್ರೆ ಸರಿಯಾಗೇ ಇದೆ.”

“ಗಟ್ಟಿ ಪಿಂಡ ಡಾಕ್ಟ್ರಮ್ಮ. ನರಗಿರ ಏನೂ ಹೋಗಿಲ್ಲ ಬಿಡಿ,” ಎಂದಳು ಅಜ್ಜಿ, ಅದರ ಬೆನ್ನು ಸವರುತ್ತ.

ವೈದ್ಯೆ ಇನ್ನೊಮ್ಮೆ ಮಡಚಿದಳು. ವರದಿಯತ್ತ ತಿರುಗದೆ ಅಲ್ಲೇ ನಿಂತಳು. ಬೆನ್ನಿನಿಂದ ಪಾದದತ್ತ ಸರಿಯುತ್ತಿದ್ದ ಅಜ್ಜಿಯ ಕೈ ಥಟ್ಟನೆ ನಿಂತಿತು. ಪಾದ ಬೋರಲಾಗಿಯೇ ಉಳಿಯಿತು. ಮನೆಯಲ್ಲಿ ದಿನವೂ ಅದನ್ನು ನೆಟ್ಟಗೆ ಮಾಡುತ್ತಿದ್ದ ಆ ಕೈಯನ್ನೇ ನೋಡುತ್ತ, ನಾಯಿ ಬಾಲ ಆಡಿಸಿಕೊಂಡು ಕಾಯುತ್ತಿತ್ತು.