ಸಾಹೇಬರು ಬೆಂಕಿ ಹಚ್ಚಿದ್ದು

ಬೆಂಕಿ ಹೊತ್ತಿಸಲೆಂದು ಬಿಲ್ಲಿನ ಹಗ್ಗ ಸುತ್ತಿದ್ದ ಕಡ್ಡಿ ಮತ್ತೆ ಹಲಗೆಯಿಂದ ಜಾರಿ, ಚಂಗನೆ ಹಾರಿ, ಹೆಂಡತಿಯ ಚಪ್ಪಲಿಯ ಪಕ್ಕ ಬಿತ್ತು. ಆಕೆ ಅದನ್ನೆತ್ತಿ ಕೈಗೆ ಕೊಟ್ಟಳು. ಸಾಹೇಬರಿಗೆ ಅದೇ ಹೆಚ್ಚು ಚುಚ್ಚಿತು.

ಸಾಹೇಬರು ಎಂದರೆ ಅಗ್ನಿಶಾಮಕ ಠಾಣೆಯ ಮುಖ್ಯಸ್ಥರು. ಊರಿನ ಅರ್ಧ ಬೆಂಕಿ ಅವರ ಕೈಯಲ್ಲೇ ಆರಿದ್ದು. ಈಗ ಬಡ್ತಿ ಸಿಕ್ಕಿ ಕುರ್ಚಿಗೆ ಅಂಟಿಕೊಂಡಿದ್ದರು. ಗಂಟೆ ಬಾರಿಸಿದರೆ ಓಡುವವರು ಬೇರೆಯವರು. ಹೊಟ್ಟೆ ಬೆಲ್ಟು ದಾಟಿ ಮುಂದೆ ಬಂದ ಮೇಲೆ, ಹುಡುಗಾಟದ ದಿನಗಳಲ್ಲಿ ಕಾಡು ಸುತ್ತಿದ್ದು, ಬಯಲಲ್ಲಿ ಮಲಗಿದ್ದು, ಮರಕ್ಕೆ ಮರ ತಿಕ್ಕಿ ಬೆಂಕಿ ಮಾಡಿದ್ದು ಎಲ್ಲ ನೆನಪಾಗಿ ಆ ಹುಚ್ಚು ಮತ್ತೆ ತಲೆಗೇರಿತ್ತು. ಡೇರೆ, ಕೊಡಲಿ, ಹಗ್ಗ, ಮಡಚುವ ಕುರ್ಚಿ ಒಂದೊಂದಾಗಿ ಬಂದು ಬಾಲ್ಕನಿ ಭರ್ತಿಯಾದಾಗ ಹೆಂಡತಿ ಒಂದು ಪಂದ್ಯ ಕಟ್ಟಿದಳು: "ಈ ಸಲ ನಾನೂ ಬರ್ತೀನಿ. ಬೆಂಕಿಪೊಟ್ಟಣ ಇಲ್ದೆ ಒಲೆ ಹಚ್ಚಿ ಒಂದು ಲೋಟ ಟೀ ಕುಡಿಸಿದ್ರೆ, ಇನ್ಮೇಲೆ ಪ್ರತಿ ಸಲಾನೂ ಬರ್ತೀನಿ. ಇಲ್ಲಾಂದ್ರೆ ಈ ಸಾಮಾನೆಲ್ಲ ಯಾರಿಗಾದ್ರೂ ಕೊಟ್ಬಿಡಿ. ನನಗೆ ಬಟ್ಟೆ ಒಣಗಿಸೋಕೆ ಜಾಗ ಬೇಕು."

ಸಾಹೇಬರು ಹಿಂದೆ ಮುಂದೆ ನೋಡದೆ ಒಪ್ಪಿದ್ದರು. ಸಾಮಾನು ಹೋದರೆ ಹೋಗಲಿ, 'ಪ್ರತಿ ಸಲಾನೂ' ಎಂಬ ಆ ಮಾತಿಗೆ ಅವರ ಜೀವ ಆಸೆಪಟ್ಟಿತ್ತು. ಇಬ್ಬರೂ ಒಟ್ಟಿಗೆ ಕೂತು ಏನಾದರೂ ಮಾಡಿ ಎಷ್ಟು ಕಾಲವಾಗಿತ್ತೋ ಅವರಿಗೇ ನೆನಪಿರಲಿಲ್ಲ.

ಹೊಳೆದಂಡೆಯ ಈ ಜಾಗ ಆರಿಸಿದ್ದು ಅವರೇ. ಬಂದವರೇ ಮೊದಲು ಮಾಡಿದ ಕೆಲಸವೆಂದರೆ, ಸುತ್ತಲಿನ ಒಣ ಎಲೆ, ಒಣ ಹುಲ್ಲು, ಕಸಕಡ್ಡಿಯನ್ನೆಲ್ಲ ಗುಡಿಸಿ ದೂರ ಹಾಕಿದ್ದು. ಬೆಂಕಿ ಹಬ್ಬಬಾರದು ನೋಡಿ. ಆಮೇಲೆ ಒಂದು ಬಕೆಟ್ ನೀರು ತುಂಬಿ ಬಲಗೈಗೆ ಎಟಕುವಂತೆ ಇಟ್ಟರು. ಇಷ್ಟೆಲ್ಲ ಆದ ಮೇಲೆ, ಬೆಂಕಿ ಹಿಡಿಸಲು ಒಣ ಹುಲ್ಲು ಬೇಕೆಂಬುದು ಹೊಳೆಯಿತು. ಎಸೆದದ್ದನ್ನು ಹೆಂಡತಿಯೇ ಹೋಗಿ ತೋಳು ತುಂಬ ಹೊತ್ತು ತಂದಳು.

"ರೀ, ಸ್ವಲ್ಪ ಸುಧಾರಿಸ್ಕೊಳ್ಳಿ. ಮುಖ ಎಲ್ಲ ಕೆಂಪಾಗಿದೆ."

"ಸುಮ್ನಿರು. ಈಗ ಬಿಟ್ರೆ ಹಲಗೆ ತಣ್ಣಗಾಗುತ್ತೆ."

"ಬಿಸಿ ಆಗಿದ್ಯಾ?"

ಸಾಹೇಬರು ಮುಟ್ಟಿ ನೋಡಿದರು. ಸದ್ಯಕ್ಕೆ ಬಿಸಿಯಾಗಿದ್ದದ್ದು ಅವರ ಅಂಗೈ.

ಆದರೂ ಹಟ ಬಿಡಲಿಲ್ಲ. ಕಡ್ಡಿಯ ತಲೆಯನ್ನು ಕಲ್ಲಿನಿಂದ ಒತ್ತಿಹಿಡಿದು, ಹಲ್ಲು ಕಚ್ಚಿ ಬಿಲ್ಲನ್ನು ಎಳೆದರು, ತಳ್ಳಿದರು. ಮೂಗಿನ ತುದಿಯ ಬೆವರು ಹಲಗೆಗೆ ಬೀಳದಂತೆ ಹೆಂಡತಿ ಟವೆಲ್ಲಿನಿಂದ ಒರೆಸುತ್ತಿದ್ದಳು. ಕಡ್ಡಿ ಕಿರ್ರೆಂದಿತು. ಹಲಗೆಯ ಗುಳಿಯಿಂದ ಕಪ್ಪು ಹುಡಿ ಉದುರತೊಡಗಿತು. "ಹೊಗೆ," ಎಂದಳು ಆಕೆ, ಮಗು ಮಲಗಿದ ಕೋಣೆಯಲ್ಲಿ ಮಾತಾಡುವಂತೆ. ಹುಡಿಯ ನಡುವೆ ಸಾಸಿವೆ ಕಾಳಿನಷ್ಟು ಕೆಂಪು ಕಂಡಿತು. ಅದನ್ನು ಹುಲ್ಲಿನ ಗೂಡಿಗೆ ಜಾರಿಸಿಕೊಂಡು ಆಕೆ ಎದ್ದು ನಿಂತಳು, ನಾಲ್ಕು ಹೆಜ್ಜೆ ಆಚೆ ಹೋಗಿ ಮೆಲ್ಲಗೆ ಊದಿದಳು. ಹುಡುಗಿಯ ಹಾಗೆ ನಗುತ್ತಿದ್ದ ಆ ಮುಖ ನೋಡಿ ಸಾಹೇಬರಿಗೆ ಎದೆ ತುಂಬಿ ಬಂತು. ಹೊಗೆ ದಟ್ಟವಾಯಿತು. ಭಗ್ಗೆಂದು ಉರಿ ಎದ್ದಿತು.

ಮುಂದಿನದು ಕಣ್ಣು ಮಿಟುಕಿಸುವುದರೊಳಗೆ ನಡೆದುಹೋಯಿತು. "ಹಿಂದೆ ಸರಿ" ಎಂದು ಠಾಣೆಯ ಗಂಟಲಲ್ಲಿ ಕೂಗಿದವರೂ, ಉರಿಯುವ ಹುಲ್ಲನ್ನು ಆಕೆಯ ಕೈಯಿಂದ ತಟ್ಟಿ ಬೀಳಿಸಿದವರೂ, ಬಕೆಟ್ ಎತ್ತಿ ಅದರ ಮೇಲೆ ಸುರಿದವರೂ ಸಾಹೇಬರೇ. ಒಂದು ಹನಿಯೂ ಗುರಿ ತಪ್ಪಲಿಲ್ಲ. ಬೂಟುಗಾಲಿನಿಂದ ಚೆನ್ನಾಗಿ ತುಳಿದು, ಬಗ್ಗಿ, ಅಂಗೈ ಹಿಡಿದು, ಕಾವು ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಅವರಿಗೆ ತಾವು ಮಾಡಿದ್ದೇನೆಂದು ಗೊತ್ತಾದದ್ದು.

ಹೆಂಡತಿ ತನ್ನ ಒದ್ದೆ ಪಾದಗಳನ್ನು ನೋಡಿಕೊಂಡಳು.

"ನಾನು ಏನೇ ಶುರು ಮಾಡಿದ್ರೂ ತಣ್ಣೀರೆರಚ್ತೀರ ಅಂತ ಇಷ್ಟು ವರ್ಷ ಮಾತಿಗೆ ಅಂತಿದ್ದೆ," ಎಂದಳು. "ಇವತ್ತು ಕಣ್ಣಾರೆ ನೋಡ್ದೆ."

"ಅದು ಅಭ್ಯಾಸ ಕಣೇ. ಕೈ ತಾನಾಗೇ ಹೋಯ್ತು."

"ಮನೇಲೇ ಬ್ರೆಡ್ ಮಾಡಿ ಮಾರ್ತೀನಿ ಅಂದಾಗ ವೈರಿಂಗ್ ಹಳೇದು ಅಂದ್ರಿ. ಕಾರು ಕಲೀತೀನಿ ಅಂದಾಗ, ಟ್ಯಾಂಕ್ ತುಂಬ ಪೆಟ್ರೋಲ್ ಇರುತ್ತೆ ಅಂದ್ರಿ. ಆಗ್ಲೂ ತಾನಾಗೇ ಹೋಗಿತ್ತೇನೋ."

ಆಕೆಯ ದನಿಯಲ್ಲಿ ಸಿಟ್ಟಿದ್ದಿದ್ದರೆ ಸಾಹೇಬರು ಏನಾದರೂ ಹೇಳಿ ಪಾರಾಗುತ್ತಿದ್ದರು. ಸಿಟ್ಟಿರಲಿಲ್ಲ. ಅವರಿಗೆ ನಿಜಕ್ಕೂ ನಾಚಿಕೆಯಾಯಿತು. ಪಂದ್ಯ ಮುಗಿಯಿತೆಂದುಕೊಂಡು ಡೇರೆಯ ಗೂಟ ಕೀಳಲು ಹೋದರು.

"ಅದನ್ಯಾಕೆ ಕೀಳ್ತೀರಿ?" ಆಕೆ ಆಗಲೇ ಬಿಲ್ಲು ಹಿಡಿದು ಹಲಗೆಯ ಮುಂದೆ ಮಂಡಿಯೂರಿದ್ದಳು. "ಹಚ್ಚೋದು ಹೇಗೆ ಅಂತ ನೋಡಿದ್ದಾಯ್ತಲ್ಲ. ನೀವು ಹೋಗಿ ಕಾರಲ್ಲಿ ಕೂತಿರಿ, ನಾನು ಕರೀತೀನಿ."

ಸಾಹೇಬರು ಗೂಟ ಬಿಟ್ಟು ಕಾರಲ್ಲಿ ಹೋಗಿ ಕೂತರು. ಬಹಳ ಹೊತ್ತಾದ ಮೇಲೆ ಮರಗಳ ಸಂದಿಯಲ್ಲಿ ತೆಳ್ಳಗೆ ಹೊಗೆ ಎದ್ದಿತು. ಅವರು ಎರಡೂ ಕೈಗಳನ್ನು ತೊಡೆಯ ಕೆಳಗೆ ತುರುಕಿ, ಮೈಯ ಭಾರವನ್ನೆಲ್ಲ ಅವುಗಳ ಮೇಲೆ ಹಾಕಿ ಕೂತರು.