ಮೂವರಿಗೆ ಎರಡು ಊಟ

ಸುಪ್ರೀತ್ ಕೌಂಟರಿನಲ್ಲಿ ಎರಡು ಊಟಕ್ಕೆ ಹೇಳಿ ಬಂದ. ಮೇಜಿನ ಸುತ್ತ ಕೂತಿದ್ದವರು ಮೂವರು.

ತೇಜಶ್ರೀ ಅದನ್ನು ಗಮನಿಸಿದಳು. ಅಣ್ಣ ತನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೂ ಬೇಡವೆನ್ನುತ್ತಿದ್ದಳು. ನಿನ್ನೆ ಬೆಳಗಿನಿಂದ ಅವಳು ನೀರು ಬಿಟ್ಟು ಏನೂ ಮುಟ್ಟಿರಲಿಲ್ಲ.

ಸಿಯಾಟಲ್ ವಿಮಾನ ನಿಲ್ದಾಣದ ಪೋರ್ಚುಗೀಸ್ ಹೋಟೆಲು. ವಿಮಾನ ಹತ್ತಲು ಇನ್ನು ನಲವತ್ತು ನಿಮಿಷ. ಅಪ್ಪನ ಶವದ ಪೆಟ್ಟಿಗೆ ಅದೇ ವಿಮಾನದ ಸರಕಿನಲ್ಲಿತ್ತು. ನಾಡಿದ್ದು ಮೈಸೂರಿನಲ್ಲಿ ಸಂಸ್ಕಾರ.

ಸಿಯಾಟಲ್ ಪಕ್ಕದ ಊರು ಬಾತೆಲ್‌ನ ಮನೆಯಲ್ಲಿ ಮೂರು ವರ್ಷ ಅಪ್ಪನ ಮೈ ಒರೆಸಿದವಳು ತೇಜಶ್ರೀ. "ಬೆಂಕಿ ನೀನೇ ಇಡಮ್ಮ" ಎಂದು ಕೊನೆಯ ವಾರ ಅಪ್ಪ ಹೇಳಿದಾಗ ಸುಪ್ರೀತ್ ಪಕ್ಕದಲ್ಲೇ ಇದ್ದ. ಡಲ್ಲಾಸ್‌ನಿಂದ ಬಂದಿಳಿದ ಚಿಕ್ಕಪ್ಪ ವಿಜಯಕುಮಾರ ನಿನ್ನೆ ಕಡ್ಡಿ ಮುರಿದಂತೆ ಆಗದು ಎಂದಾಗಲೂ ಪಕ್ಕದಲ್ಲೇ ಇದ್ದ. ತುಟಿ ಬಿಚ್ಚಲಿಲ್ಲ.

"ಮಗ ಇರುವಾಗ ಮಗಳಾ? ಅವನು ಒಲ್ಲೆ ಅಂದ್ರೆ ತಮ್ಮ ನಾನಿದೀನಿ. ಸಂಸ್ಕಾರ ಮುಗಿಯೋವರೆಗೂ ಹೊಟ್ಟೆ ಖಾಲಿ ಇಟ್ಕೊಂಡೋರೇ ಬೆಂಕಿ ಇಡಬೇಕು. ಅದೊಂದು ತಪ್ಪಬಾರದು" ಎಂದಿದ್ದರು ಚಿಕ್ಕಪ್ಪ.

ಅಷ್ಟು ಹೇಳಿ ತಾವೂ ಉಪವಾಸ ಹಿಡಿದಿದ್ದರು. ಈಗ ಅವರ ಕೈ ನಡುಗುತ್ತಿತ್ತು. ಸಕ್ಕರೆ ಕಾಯಿಲೆ.

ಮೊದಲು ಬಂದದ್ದು ಆಲೂಗಡ್ಡೆ, ಸೊಪ್ಪಿನ ಸೂಪು, ಜೊತೆಗೆ ಬ್ರೆಡ್ಡು. ಸುಪ್ರೀತ್ ಅದನ್ನು ಚಿಕ್ಕಪ್ಪನ ಮುಂದಕ್ಕೆ ಸರಿಸಿದ.

"ಸಾಸೇಜ್ ಬೇಡ ಅಂತ ಹೇಳಿದೀನಿ. ಬರೀ ಸೊಪ್ಪು. ತಿನ್ನಿ."

"ಬೇಡ ಕಣೋ."

"ಪ್ಲೇನಲ್ಲಿ ಶುಗರ್ ಡೌನ್ ಆದ್ರೆ ನಾನು ಎರಡು ಪೆಟ್ಟಿಗೆ ಹೊರಬೇಕಾಗತ್ತೆ. ಉಪವಾಸಕ್ಕೆ ಮಗ ಅಂತ ನಾನಿದೀನಲ್ಲ."

"ಬಾಯಿ ನೋಡು ಇವನದು" ಎಂದು ಗೊಣಗಿ ಚಿಕ್ಕಪ್ಪ ಚಮಚ ಎತ್ತಿದರು. ಬ್ರೆಡ್ಡಿನಿಂದ ಬಟ್ಟಲು ಒರೆಸುವವರೆಗೂ ಬಿಡಲಿಲ್ಲ. "ನಮ್ಮ ಬಸ್ಸಾರಿಗೆ ಸಮ ಅಲ್ಲ. ಪರವಾಗಿಲ್ಲ."

ಸುಪ್ರೀತ್ ಬಟ್ಟಲು ಖಾಲಿಯಾಗುವುದನ್ನೇ ನೋಡುತ್ತಿದ್ದ. ಆಮೇಲೆ ಕೌಂಟರಿನತ್ತ ತಲೆಯಾಡಿಸಿದ.

ಎರಡನೆಯ ತಟ್ಟೆ ಬಂತು. ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನು. ಎಳೆಎಳೆಯಾಗಿ ಬಿಡಿಸಿ, ಕಡ್ಡಿಯಂಥ ಆಲೂಗಡ್ಡೆ, ಮೊಟ್ಟೆಯೊಡನೆ ಹುರಿದದ್ದು. ವಾಸನೆಗೆ ಚಿಕ್ಕಪ್ಪ ಮೂಗು ಮುಚ್ಚಿಕೊಂಡರು.

"ಇನ್ಯಾರದೋ ಇಲ್ಲಿ ತಂದಿಟ್ಟಿದಾರೆ. ವಾಪಸ್ ಕಳಿಸೋ."

"ನಂದೇ."

ಸುಪ್ರೀತ್ ಜನ್ಮದಲ್ಲಿ ಮೀನು ಮುಟ್ಟಿದವನಲ್ಲ. ಫೋರ್ಕ್ ತುಂಬಿ ಬಾಯಿಗಿಟ್ಟ. ಅಗಿಯದೆ ನುಂಗಿದ. ಕಣ್ಣಲ್ಲಿ ನೀರು ಬಂತು. ಮತ್ತೊಂದು ತುತ್ತು ತೆಗೆದುಕೊಂಡ.

"ಅಪ್ಪ ಕೆಳಗೆ ಮಲಗಿದಾರೆ ಕಣೋ." ತೇಜಶ್ರೀಯ ಧ್ವನಿ ಕೀರಲಾಯಿತು. "ಎರಡು ದಿನ ತಡ್ಕೊಳಕ್ಕಾಗಲ್ವಾ ನಿಂಗೆ? ಮೂರು ವರ್ಷಾನೂ ಇದೇ ಆಯ್ತು. ಬಂದೆ, ತಿಂದೆ, ಹೋದೆ."

ಅವನು ತಲೆ ಎತ್ತಲಿಲ್ಲ. ಮೂರನೆಯ ತುತ್ತು.

ಚಿಕ್ಕಪ್ಪ ಮೇಜು ಗುದ್ದಿದರು. ಪಕ್ಕದ ಮೇಜಿನವರು ತಿರುಗಿ ನೋಡಿದರು. "ಥೂ, ಮೀನು ತಿಂದ ಬಾಯಿ. ಇನ್ನು ನಿನ್ನ ಕೈಲಿ ಅಣ್ಣನಿಗೆ ಬೆಂಕಿ ಇಡಿಸಲ್ಲ. ನಾನೇ..."

ಅವರ ಕಣ್ಣು ತಾವೇ ಒರೆಸಿಟ್ಟ ಸೂಪಿನ ಬಟ್ಟಲಿನ ಮೇಲೆ ಬಿತ್ತು.

ಸುಪ್ರೀತ್ ತಟ್ಟೆ ದೂರ ಸರಿಸಿ ಬಾಯಿ ಒರೆಸಿಕೊಂಡ. "ಊಟ ಮುಟ್ಟದೆ ಕೂತಿರೋಳು ಈಗ ತೇಜು ಒಬ್ಬಳೇ, ಚಿಕ್ಕಪ್ಪ."