ಅಮ್ಮನ ಕನ್ನಡಕಕ್ಕೊಂದು ಪೆಟ್ಟಿಗೆ

"ಜೋರಾಗಿ ಉಸಿರು ಬಿಡಬೇಡ, ಹಾರಿಹೋಗುತ್ತೆ" ಎನ್ನುತ್ತ ಬಡಗಿ ತೋರುಬೆರಳನ್ನು ಹೆಂಡತಿಯ ಮೂಗಿನ ಹತ್ತಿರ ಹಿಡಿದ. ಬೆರಳ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಏನೋ ಕಪ್ಪಗೆ ಕೂತಿತ್ತು. ಇರುವೆಯಿರಬೇಕೆಂದು ಅವಳು ಒರೆಸಿಹಾಕಲು ಕೈ ಎತ್ತಿದ್ದೇ ತಡ, ಅವನು ಹೌಹಾರಿ ಬೆರಳನ್ನು ಹಿಂದಕ್ಕೆಳೆದುಕೊಂಡ. ಅದು ಪೆಟ್ಟಿಗೆಯಂತೆ. ತಳ, ನಾಲ್ಕು ಗೋಡೆ, ತೆರೆಯುವ ಮುಚ್ಚಳ ಎಲ್ಲ ಇದೆಯಂತೆ. ಅವಳಿಗೆಂದೇ ಮಾಡಿದ್ದಂತೆ.

ಅವಳು ಪೆಟ್ಟಿಗೆ ಕೇಳಿದ್ದೇನೋ ನಿಜ. ಕೇಳಿ ಮೂರು ವರ್ಷವಾಗಿತ್ತು. ತೀರಿಕೊಂಡ ಅಮ್ಮನದೆಂದು ಅವಳ ಬಳಿ ಉಳಿದಿದ್ದು ಒಂದು ಕನ್ನಡಕ. ಅದನ್ನು ಹಳೆಯ ಕಾಲುಚೀಲವೊಂದರಲ್ಲಿ ಇಟ್ಟಿದ್ದಳು. ತೆಗೆದಾಗಲೆಲ್ಲ ಅಮ್ಮನನ್ನೇ ಕಾಲುಚೀಲಕ್ಕೆ ತುರುಕಿದ ಹಾಗೆ ಅವಳಿಗೆ ಅನ್ನಿಸುತ್ತಿತ್ತು. ಆ ಕನ್ನಡಕ ಹಿಡಿಸುವಷ್ಟು ಒಂದು ಪೆಟ್ಟಿಗೆ ಬೇಕು, ಅಷ್ಟೇ ಅವಳು ಕೇಳಿದ್ದು.

ಬಡಗಿ ಹೊಟ್ಟೆಪಾಡಿಗೆ ಕಿಟಕಿ ಬಾಗಿಲು ಮಾಡುತ್ತಿದ್ದ, ಪ್ರೀತಿಗೆ ಪೆಟ್ಟಿಗೆ. ಪೆಟ್ಟಿಗೆಗೆ ಮಾತ್ರ ಗಂಟು ಬಿದ್ದ, ಸೀಳಿದ, ಹುಳು ಹೊಡೆದ ಮರವೇ ಆಗಬೇಕು. ಅದರಲ್ಲಿ ಒಂದು ಚೂರನ್ನೂ ಎಸೆಯಬಾರದು. ಸಾಮಿಲ್ಲಿನವರು ಒಲೆಗೆಂದು ಎಸೆದಿದ್ದ ಗಂಟುಗಂಟಾದ ಹಲಗೆಯನ್ನು ಅವಳಿಗಾಗಿಯೇ ಹೊತ್ತು ತಂದಿದ್ದ. ಮೊದಲ ಪೆಟ್ಟಿಗೆ ಕನ್ನಡಕಕ್ಕೆ ಹೇಳಿ ಮಾಡಿಸಿದಂತಿತ್ತು. ಅಂಚೆಯವನು ಅದನ್ನು ನೋಡಿ ಬಾಯಿತುಂಬ ಹೊಗಳಿದ. ಹೊಗಳಿದವರಿಗೆ ಇಲ್ಲವೆನ್ನುವ ಜಾಯಮಾನ ಬಡಗಿಯದಲ್ಲ. ಪೆಟ್ಟಿಗೆ ಅಂಚೆಯವನ ಪಾಲಾಯಿತು. "ಉಳಿದ ಚೂರಲ್ಲಿ ನಿನಗೆ ಮಾಡಿಕೊಡ್ತೀನಿ ಕಣೇ" ಎಂದ. ಉಳಿದ ಚೂರಿನದು ಹಲ್ಲಿನ ಡಾಕ್ಟರಿಗೆ ಹೋಯಿತು. ಅದರ ಚೂರಿನದು ಅವರ ಕಂಪೌಂಡರಿಗೆ, ಅದರ ಚೂರಿನದು ಕೊಡೆ ರಿಪೇರಿಯವನಿಗೆ. ಮನೆಗೆ ಮಾರಿ, ಊರಿಗೆ ಉಪಕಾರಿ. ಹೀಗೇ ಚೂರು ಚಿಕ್ಕದಾದಷ್ಟೂ ಕೆಲಸ ನಾಜೂಕಾಯಿತು, ಹೊಗಳಿಕೆ ದೊಡ್ಡದಾಯಿತು. ಕೊನೆಯದನ್ನು ಮಾತ್ರ ಯಾರೂ ಹೊಗಳಲಿಲ್ಲ, ಏಕೆಂದರೆ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಹಾಗಾಗಿ ಅದು ಅವಳಿಗೆ ಬಂತು.

ಅವಳಿಗೆ ಮೊದಲು ಅಳು ಬಂತು, ಆಮೇಲೆ ನಗು. ಎರಡನ್ನೂ ನುಂಗಿಕೊಂಡು ಒಳಗೆ ಹೋಗಿ ಕಾಲುಚೀಲ ತಂದಳು. ಅಮ್ಮನ ಕನ್ನಡಕವನ್ನು ಮೂಗಿಗೇರಿಸಿ ಅವನ ಬೆರಳಿನ ಮೇಲೆ ಬಗ್ಗಿದಳು. ಆಗ ಕಂಡಿತು: ಮುಚ್ಚಳದ ನಡುವೆ ಪುಟಾಣಿ ಗಂಟು, ಅದರ ಸುತ್ತ ಕೂದಲೆಳೆಯಷ್ಟು ಬಳ್ಳಿ.

"ಚೆನ್ನಾಗಿದೆ ರೀ. ಅಮ್ಮನ ಕನ್ನಡಕ ಇಲ್ಲದೆ ಕಾಣಲ್ಲ, ಅಷ್ಟೇ."

ಬಡಗಿಯ ಮುಖ ಊರಗಲವಾಯಿತು.

"ಅಂದಮೇಲೆ ಇವೆರಡೂ ಒಂದೇ ಕಡೆ ಇರಬೇಕು" ಎಂದಳು ಅವಳು. " ಬೇರೆ ಬೇರೆ ಇಟ್ರೆ ಇದನ್ನ ಹುಡುಕೋದು ಹೇಗೆ? ಎರಡನ್ನೂ ಇಡೋಕೆ ಒಂದು ಪೆಟ್ಟಿಗೆ ಮಾಡಿಕೊಡಿ."

ಮಾತು ನ್ಯಾಯವಾಗಿಯೇ ಇತ್ತು. ಜೀವಮಾನದಲ್ಲೇ ಮಾಡದಷ್ಟು ನಾಜೂಕಿನ ಕೆಲಸ ಮಾಡಿರುವಾಗ ಅದನ್ನಿಡಲು ಒಂದು ಪೆಟ್ಟಿಗೆ ಬೇಡವೇ? ಬಡಗಿ ಆಗಿಂದಾಗಲೇ ಕನ್ನಡಕದ ಅಳತೆ ತೆಗೆದುಕೊಂಡ. ಮರುಕ್ಷಣ ಗಂಟುಹಲಗೆ ಮುಗಿದುಹೋಗಿದ್ದು ನೆನಪಾಗಿ ಸ್ಟೂಲಿನ ಮೇಲೆ ಕುಸಿದು ಕೂತ. ಗಂಟೋ ಸೀಳೋ ಇರುವ ಮರ ಬೇಕಲ್ಲ, ಸಾಮಿಲ್ಲಿಗೆ ಹೋಗಿ ಬರಬೇಕು, ಸಿಕ್ಕಾಗ ನೋಡೋಣ ಎಂದು ಗೊಣಗಿದ.

"ಎಲ್ಲಿಗೂ ಹೋಗಬೇಡಿ. ನೀವು ಕೂತಿರೋ ಸ್ಟೂಲು ನಮ್ಮ ಮದುವೆಯಾದಾಗಿಂದ ಸೀಳಿದೆ."

ಬಡಗಿ ಎದ್ದು ನೋಡಿದ. ಹಲಗೆಯ ಉದ್ದಕ್ಕೂ ಸೊಗಸಾದ ಸೀಳು. ಇಷ್ಟು ವರ್ಷ ಅದರ ಮೇಲೆಯೇ ಕೂತಿದ್ದರಿಂದ ಕಣ್ಣಿಗೆ ಬಿದ್ದಿರಲಿಲ್ಲ. ಕೈ ತಾನಾಗಿ ಗರಗಸದ ಕಡೆ ಹೋಯಿತು, ಅರ್ಧಕ್ಕೆ ನಿಂತಿತು.

"ಇದನ್ನ ಕುಯ್ದರೆ ನಾನು ಎಲ್ಲಿ ಕೂರಲಿ?"

ಅವಳು ಕನ್ನಡಕ ತೆಗೆದು ಮಡಚಿದಳು.

"ಉಳಿದ ಚೂರಲ್ಲಿ ನಿಮಗೊಂದು ಸ್ಟೂಲು ಮಾಡ್ಕೊಳ್ಳಿ."